ಬಾಗಿಲ ಬಳಿಯ ಬೋಗುಣಿ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತನ್ನು ಕೇಳದೆ ಬೆಳೆದ ಹೆಣ್ಣುಮಕ್ಕಳು ನಮ್ಮಲ್ಲಿ ಇರಲಾರರು. ಆ ಮಾತಿನಲ್ಲಿ ಅರ್ಧ ಸಂಭ್ರಮ, ಅರ್ಧ ಭಯ. ಮಗು ಹುಟ್ಟಿ, ಅತ್ತು, ಹೊಕ್ಕುಳಬಳ್ಳಿ ಕೊಯ್ದು, ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಅಬ್ಬಾ, ಎಲ್ಲ ಸುಸೂತ್ರವಾಯಿತು ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೆ, ಮೂರನೆಯ ದಿನವೋ ನಾಲ್ಕನೆಯ ದಿನವೋ ಬಾಣಂತಿಗೆ ಚಳಿ ಹಿಡಿಯುತ್ತಿತ್ತು. ಆಮೇಲೆ ಸುಡುವ ಜ್ವರ, ಹೊಟ್ಟೆಯುಬ್ಬರ, ಮುಟ್ಟಿದರೆ ಚೀರುವಷ್ಟು ನೋವು. ಕೊನೆಗೆ ಬಡಬಡಿಕೆ. ‘ಬಾಣಂತಿ ಸನ್ನಿ’ ಎಂದು ಹಿರಿಯರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ನನ್ನ ಅಜ್ಜಿಯ ತಂಗಿಯೊಬ್ಬಳು ಹಾಗೆಯೇ ಹೋದಳಂತೆ. ಅವಳ ಹೆಸರನ್ನು ಮನೆಯಲ್ಲಿ ಎತ್ತುತ್ತಿರಲಿಲ್ಲ. ಎತ್ತಿದಾಗಲೂ ‘ಅವಳಿಗೆ ಗಾಳಿ ಹೊಕ್ಕಿತು’ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು.

ಗಾಳಿಯಷ್ಟೇ ಅಲ್ಲ, ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ತಣ್ಣೀರು ಮುಟ್ಟಿದರೆ ನಂಜು, ಹೊಸಿಲು ದಾಟಿದರೆ ಕಣ್ಣುತಾಕು. ಬಾಣಂತಿಗೆ ನಂಜಾಗುವ ಪದಾರ್ಥಗಳ ಪಟ್ಟಿ ನಮ್ಮ ಅಜ್ಜಿಯಂದಿರ ನಾಲಗೆಯ ತುದಿಯಲ್ಲಿತ್ತು. ಆ ಪಟ್ಟಿಯಲ್ಲಿ ಒಂದೇ ಒಂದು ವಸ್ತು ಇರಲಿಲ್ಲ. ಅದು ಹೆರಿಗೆ ಮಾಡಿಸುವವರ ಕೈ.

ನಮ್ಮ ಅಜ್ಜಿಯಂದಿರನ್ನು ನೋಡಿ ನಗುವ ಮೊದಲು, ಅದೇ ಕಾಲದ ಯುರೋಪಿನ ಮಹಾಪಂಡಿತರ ಪಟ್ಟಿಯನ್ನೂ ಒಮ್ಮೆ ನೋಡಬೇಕು. ಕೆಟ್ಟ ಗಾಳಿ, ಋತುಮಾನದ ದೋಷ, ಎದೆಹಾಲು ಹಾದಿ ತಪ್ಪಿ ಹೊಟ್ಟೆಗೆ ಇಳಿಯುವುದು, ಹೆಂಗಸಿನ ನಾಚಿಕೆ, ಹೆಂಗಸಿನ ಭಯ. ಕೈಯ ಹೆಸರು ಅಲ್ಲಿಯೂ ಇರಲಿಲ್ಲ. ಆ ಹೆಸರನ್ನು ಸೇರಿಸಲು ಹೊರಟ ಒಬ್ಬ ವೈದ್ಯನ ಕಥೆಯನ್ನು, ಆಸ್ಪತ್ರೆಯಲ್ಲಿ ಹೆತ್ತ, ಮುಂದೆ ಹೆರಲಿರುವ, ಮಗಳನ್ನೋ ಸೊಸೆಯನ್ನೋ ಹೆರಿಗೆಗೆ ಕರೆದೊಯ್ಯಲಿರುವ ನಾವೆಲ್ಲ ತಿಳಿದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಆತನ ಹೆಸರು ಇಗ್ನಾಜ್ ಸೆಮೆಲ್‌ವೈಸ್. ಹುಟ್ಟಿದ್ದು 1818ರಲ್ಲಿ, ಹಂಗೇರಿಯ ಬುಡಾ ಪಟ್ಟಣದ ಒಬ್ಬ ದಿನಸಿ ವ್ಯಾಪಾರಿಯ ಮಗನಾಗಿ. 1846ರಲ್ಲಿ ಆತ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಸಹಾಯಕ ವೈದ್ಯನಾಗಿ ಸೇರಿದ. ಆ ಆಸ್ಪತ್ರೆಯಲ್ಲಿ ಬಡ ಹೆಂಗಸರಿಗೆ ಹೆರಿಗೆ ಉಚಿತ. ಅದಕ್ಕೆ ಪ್ರತಿಯಾಗಿ ಅವರು ಕಲಿಯುವವರಿಗೆ ಪಾಠದ ವಸ್ತುವಾಗಬೇಕಿತ್ತು. ಮದುವೆಯಿಲ್ಲದೆ ಬಸುರಾದವರು, ಮನೆಗೆಲಸದವರು, ಬೇರೆ ದಿಕ್ಕಿಲ್ಲದವರು ಅಲ್ಲಿಗೆ ಬರುತ್ತಿದ್ದರು.

ಹೆರಿಗೆಗೆ ಅಲ್ಲಿ ಎರಡು ವಿಭಾಗಗಳು. ಒಂದನೆಯದರಲ್ಲಿ ಕಲಿಯುತ್ತಿದ್ದವರು ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು. ಒಂದು ದಿನ ಈ ವಿಭಾಗಕ್ಕೆ, ಮರುದಿನ ಆ ವಿಭಾಗಕ್ಕೆ ಎಂಬಂತೆ ಸರದಿಯ ಮೇಲೆ ದಾಖಲು ಮಾಡಿಕೊಳ್ಳುತ್ತಿದ್ದರು. ಕಟ್ಟಡ ಒಂದೇ, ಊಟ ಒಂದೇ, ಹವೆ ಒಂದೇ, ಬರುವ ಹೆಂಗಸರೂ ಒಂದೇ ತರಹದವರು. ಆದರೆ 1846ರ ಲೆಕ್ಕ ನೋಡಿ. ಒಂದನೆಯ ವಿಭಾಗದಲ್ಲಿ 4,010 ಹೆರಿಗೆ, 459 ತಾಯಂದಿರ ಸಾವು. ಎರಡನೆಯದರಲ್ಲಿ 3,754 ಹೆರಿಗೆ, 105 ಸಾವು. ನೂರಕ್ಕೆ ಹನ್ನೊಂದು ಒಂದು ಕಡೆ, ನೂರಕ್ಕೆ ಮೂರಕ್ಕೂ ಕಡಿಮೆ ಇನ್ನೊಂದು ಕಡೆ.

ಈ ಲೆಕ್ಕವನ್ನು ವೈದ್ಯರು ಕಾಗದದ ಮೇಲೆ ನೋಡುವ ಮೊದಲೇ ವಿಯೆನ್ನಾದ ಬಡ ಹೆಂಗಸರು ಬಲ್ಲವರಾಗಿದ್ದರು. ನೋವು ತಿನ್ನುತ್ತಾ ಆಸ್ಪತ್ರೆಯ ಬಾಗಿಲಿಗೆ ಬಂದವರು, ತಮ್ಮ ಸರದಿ ಒಂದನೆಯ ವಿಭಾಗಕ್ಕೆ ಎಂದು ತಿಳಿದ ಕೂಡಲೇ ಮೊಣಕಾಲೂರಿ, ಕೈಮುಗಿದು, ತಮ್ಮನ್ನು ವಾಪಸು ಕಳಿಸಿಬಿಡಿ ಎಂದು ಬೇಡುತ್ತಿದ್ದರಂತೆ. ಸೆಮೆಲ್‌ವೈಸನೇ ಇದನ್ನು ಬರೆದಿಟ್ಟಿದ್ದಾನೆ. ಕೆಲವರು ದಾರಿಯಲ್ಲೇ ಹೆತ್ತು, ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಹಾಗೆ ಬೀದಿಯಲ್ಲಿ ಹೆತ್ತವರಿಗೆ ಈ ಜ್ವರ ಬರುವುದು ಅಪರೂಪವಾಗಿತ್ತು. ಬೀದಿಯ ಧೂಳಿಗಿಂತ ಆಸ್ಪತ್ರೆಯ ಹಾಸಿಗೆ ಹೆಚ್ಚು ಅಪಾಯದ್ದು ಎಂದರೆ ಯಾರು ನಂಬುತ್ತಾರೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಸೆಮೆಲ್‌ವೈಸ್ ಒಂದೊಂದಾಗಿ ಕಾರಣಗಳನ್ನು ತಳ್ಳಿಹಾಕಿದ. ಗಾಳಿ ಕೆಟ್ಟದ್ದಾದರೆ ಎರಡೂ ವಿಭಾಗಕ್ಕೆ ಕೆಟ್ಟದ್ದೇ. ಜನಸಂದಣಿ ಎಂದರೆ, ಭಯದಿಂದ ಎಲ್ಲರೂ ಎರಡನೆಯದಕ್ಕೇ ಮುಗಿಬೀಳುತ್ತಿದ್ದುದರಿಂದ ಗದ್ದಲ ಅಲ್ಲೇ ಜಾಸ್ತಿ. ಸಾಯುವವರಿಗೆ ಕೊನೆಯ ಪ್ರಾರ್ಥನೆ ಹೇಳಲು ಪಾದ್ರಿ ಗಂಟೆ ಬಾರಿಸಿಕೊಂಡು ವಾರ್ಡಿನ ನಡುವೆ ಹಾಯುವುದರಿಂದ ಬಾಣಂತಿಯರು ಹೆದರಿ ಸಾಯುತ್ತಾರೆ ಎಂದು ಕೆಲವರು ಹೇಳಿದರು. ಗಂಟೆ ನಿಲ್ಲಿಸಿ, ಪಾದ್ರಿಯನ್ನು ಬೇರೆ ದಾರಿಯಲ್ಲಿ ಕಳಿಸಿದ್ದಾಯಿತು. ಎರಡನೆಯ ವಿಭಾಗದಲ್ಲಿ ಮಗ್ಗುಲಾಗಿ ಮಲಗಿಸಿ ಹೆರಿಗೆ ಮಾಡಿಸುತ್ತಾರೆ ಎಂದು ಇಲ್ಲಿಯೂ ಹಾಗೆಯೇ ಮಲಗಿಸಿದ್ದಾಯಿತು. ಸಾವು ಮಾತ್ರ ಜಗ್ಗಲಿಲ್ಲ.

1847ರ ಮಾರ್ಚಿನಲ್ಲಿ ಆತನ ಗೆಳೆಯ, ಶವಪರೀಕ್ಷೆಯ ಪ್ರಾಧ್ಯಾಪಕ ಯಾಕೊಬ್ ಕೊಲೆಚ್ಕಾ ತೀರಿಕೊಂಡ. ಶವ ಕೊಯ್ಯುವಾಗ ವಿದ್ಯಾರ್ಥಿಯೊಬ್ಬನ ಚಾಕು ಅವನ ಬೆರಳಿಗೆ ತಾಕಿತ್ತು. ಗೆಳೆಯನ ಶವಪರೀಕ್ಷೆಯ ವರದಿಯನ್ನು ಓದುತ್ತಾ ಹೋದಂತೆ ಸೆಮೆಲ್‌ವೈಸ್ ಬೆಚ್ಚಿದ. ಅಲ್ಲಿ ಬರೆದಿದ್ದೆಲ್ಲ ಅವನು ದಿನವೂ ಬಾಣಂತಿಯರ ದೇಹಗಳಲ್ಲಿ ಕಾಣುತ್ತಿದ್ದ ಚಿಹ್ನೆಗಳೇ. ಗೆಳೆಯ ಗಂಡಸು, ಹೆತ್ತವನಲ್ಲ. ಹಾಗಿದ್ದರೆ ಇದು ಹೆಂಗಸಿನ ಹಾಲಿನ ದೋಷವೂ ಅಲ್ಲ, ನಾಚಿಕೆಯ ದೋಷವೂ ಅಲ್ಲ. ಶವದಿಂದ ಚಾಕುವಿಗೆ, ಚಾಕುವಿನಿಂದ ರಕ್ತಕ್ಕೆ ಏನೋ ಒಂದು ದಾಟಿದೆ. ವೈದ್ಯ ವಿದ್ಯಾರ್ಥಿಗಳೂ ಗುರುಗಳೂ ಬೆಳಿಗ್ಗೆ ಶವಾಗಾರದಲ್ಲಿ ಕೆಲಸ ಮಾಡಿ, ನೇರವಾಗಿ ಹೆರಿಗೆ ವಾರ್ಡಿಗೆ ಬಂದು ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಶವಾಗಾರಕ್ಕೆ ಹೋಗುತ್ತಿರಲಿಲ್ಲ. ವ್ಯತ್ಯಾಸ ಅಷ್ಟೇ!

ಸೋಪಿನಲ್ಲಿ ಅವರು ಕೈ ತೊಳೆಯುತ್ತಿರಲಿಲ್ಲ ಎಂದಲ್ಲ. ತೊಳೆದರೂ ಬೆರಳಿನಲ್ಲಿ ಶವದ ವಾಸನೆ ಉಳಿಯುತ್ತಿತ್ತು. ವಾಸನೆ ಉಳಿದರೆ ಆ ‘ಏನೋ ಒಂದು’ ಕೂಡ ಉಳಿದಿದೆ ಎಂದು ಸೆಮೆಲ್‌ವೈಸ್ ತರ್ಕಿಸಿದ. 1847ರ ಮೇ ತಿಂಗಳ ನಡುವಿನಲ್ಲಿ ವಾರ್ಡಿನ ಬಾಗಿಲ ಬಳಿ ಕ್ಲೋರಿನ್ ದ್ರಾವಣದ ಬೋಗುಣಿಯೊಂದನ್ನು ಇಡಿಸಿದ. ಮುಂದೆ ಅದು ದುಬಾರಿಯೆಂದು ಸುಣ್ಣದ ಬ್ಲೀಚಿಂಗ್ ಪುಡಿ ಕಲಸಿದ ನೀರು ಬಂತು. ಯಾರೇ ಒಳಗೆ ಬರಲಿ, ಇದರಲ್ಲಿ ಕೈಯುಜ್ಜಿ ತೊಳೆಯಬೇಕು. ಏಪ್ರಿಲ್‌ನಲ್ಲಿ ಶೇಕಡ 18ರಷ್ಟಿದ್ದ ಸಾವು ಜುಲೈ ಹೊತ್ತಿಗೆ ಶೇಕಡ 1.2ಕ್ಕೆ ಇಳಿಯಿತು. 1848ರ ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಒಂದನೆಯ ವಿಭಾಗದಲ್ಲಿ ಒಬ್ಬಳೂ ಸಾಯಲಿಲ್ಲ. ಒಂದು ಬೋಗುಣಿ ನೀರು!

ನಡುವೆ ಇನ್ನೊಂದು ಘಟನೆ ನಡೆಯಿತು. 1847ರ ಅಕ್ಟೋಬರಿನಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಕೀವು ಸೋರುತ್ತಿದ್ದ ಹೆಂಗಸೊಬ್ಬಳು ಹೆರಿಗೆಗೆ ಬಂದು ಮೊದಲ ಹಾಸಿಗೆಯಲ್ಲಿ ಮಲಗಿದ್ದಳು. ವೈದ್ಯರು ಅವಳನ್ನು ಪರೀಕ್ಷಿಸಿ, ಬರೀ ಸೋಪಿನಲ್ಲಿ ಕೈ ತೊಳೆದು, ಉಳಿದವರನ್ನು ಸಾಲಾಗಿ ಪರೀಕ್ಷಿಸಿಕೊಂಡು ಹೋದರು. ಒಟ್ಟಿಗೆ ಹೆತ್ತ ಹನ್ನೆರಡು ಜನರಲ್ಲಿ ಹನ್ನೊಂದು ಜನ ಸತ್ತರು. ನಂಜು ಬರುವುದು ಹೆಣದಿಂದ ಮಾತ್ರವಲ್ಲ, ಬದುಕಿರುವ ರೋಗಿಯಿಂದಲೂ ಬರುತ್ತದೆ ಎಂದು ಆಗ ತಿಳಿಯಿತು. ಬಾಗಿಲಲ್ಲಿ ಒಮ್ಮೆ ತೊಳೆದರೆ ಸಾಲದು, ಒಬ್ಬಳಿಂದ ಇನ್ನೊಬ್ಬಳ ಬಳಿಗೆ ಹೋಗುವ ಮೊದಲು ಪ್ರತಿ ಸಲವೂ ತೊಳೆಯಬೇಕು. ಇಂದಿಗೂ ಆಸ್ಪತ್ರೆ ಸೋಂಕಿನ ಪಾಠಗಳಲ್ಲೆಲ್ಲ ಕಷ್ಟದ ಪಾಠ ಇದೇ.

ಇಷ್ಟಾದ ಮೇಲೆ ಊರೆಲ್ಲ ಕೈ ತೊಳೆಯಿತು, ಸೆಮೆಲ್‌ವೈಸನಿಗೆ ಹಾರ ಹಾಕಿದರು ಎಂದು ಬರೆಯುವಂತಿದ್ದರೆ ಎಷ್ಟು ಚೆನ್ನಾಗಿತ್ತು. ನಡೆದದ್ದು ಬೇರೆ. ಸಾವು ಇಳಿದದ್ದಕ್ಕೆ ಅವನ ಮೇಲಧಿಕಾರಿ ಬೇರೆ ಕಾರಣ ಕೊಟ್ಟ. ಕ್ಲೋರಿನ್ ನೀರು ಕೈ ಉರಿಸುತ್ತದೆ ಎಂದು ಹಲವರು ಗೊಣಗಿದರು. ಎಲ್ಲಕ್ಕಿಂತ ದೊಡ್ಡ ಅಡ್ಡಿ ಅಭಿಮಾನದ್ದು. ವೈದ್ಯೋ ನಾರಾಯಣೋ ಹರಿಃ ಎನ್ನುವುದು ನಮ್ಮ ನಾಡಿನ ಮಾತಾದರೂ ಭಾವನೆ ಎಲ್ಲ ಕಡೆಯದು. ಜೀವ ಉಳಿಸುವ ಕೈಯೇ ಜೀವ ತೆಗೆಯುತ್ತಿದೆ ಎಂದು ಒಪ್ಪಿಕೊಂಡರೆ ಹಿಂದೆ ಸತ್ತ ಅಷ್ಟೂ ಹೆಂಗಸರ ಲೆಕ್ಕ ತಲೆಯ ಮೇಲೆ ಬರುತ್ತದೆ. ಅದನ್ನು ಹೊರುವ ಎದೆ ಎಷ್ಟು ಜನಕ್ಕಿರುತ್ತದೆ? ಸೆಮೆಲ್‌ವೈಸನ ಸ್ವಭಾವವೂ ಅನುಕೂಲವಾಗಿರಲಿಲ್ಲ. ಬರೆಯಲು ಹಿಂಜರಿಯುತ್ತಿದ್ದವನು ಪುಸ್ತಕ ತಂದದ್ದು 1861ರಲ್ಲಿ. ಆಮೇಲೆ ಬಹಿರಂಗ ಪತ್ರಗಳಲ್ಲಿ ದೊಡ್ಡ ದೊಡ್ಡ ಪ್ರಾಧ್ಯಾಪಕರನ್ನು ಕೊಲೆಗಾರರೆಂದು ಜರೆದ. 1849ರಲ್ಲಿ ವಿಯೆನ್ನಾದ ಕೆಲಸ ಮುಗಿದಿತ್ತು. ಹಂಗೇರಿಯ ಪೆಸ್ಟ್ ನಗರಕ್ಕೆ ಮರಳಿ, ಅಲ್ಲಿಯ ಆಸ್ಪತ್ರೆಯಲ್ಲೂ ಸಾವನ್ನು ನೂರಕ್ಕೆ ಒಂದಕ್ಕಿಂತ ಕೆಳಗೆ ತಂದ. ಕೊನೆಗೆ ಮನಸ್ಸಿನ ಸ್ತಿಮಿತ ಕಳೆದುಕೊಂಡು, 1865ರ ಆಗಸ್ಟ್ 13ರಂದು ವಿಯೆನ್ನಾದ ಹುಚ್ಚಾಸ್ಪತ್ರೆಯಲ್ಲಿ ಸತ್ತ. ವಯಸ್ಸು 47. ಕಾರಣ, ಗಾಯದಿಂದ ರಕ್ತಕ್ಕೇರಿದ ನಂಜು. ಯಾವುದರೊಡನೆ ಜೀವಮಾನವೆಲ್ಲ ಹೋರಾಡಿದನೋ ಅದೇ.

ಅವನಿಗಿಂತ ಮೊದಲೂ ಹೇಳಿದವರಿದ್ದರು. ಸ್ಕಾಟ್‌ಲೆಂಡಿನ ಅಬರ್ಡೀನ್ ಪಟ್ಟಣದ ಅಲೆಕ್ಸಾಂಡರ್ ಗಾರ್ಡನ್ 1795ರಲ್ಲೇ, ಯಾವ ಯಾವ ಸೂಲಗಿತ್ತಿ ಹೋದ ಮನೆಗಳಲ್ಲಿ ಜ್ವರ ಬಂತೆಂದು ಹೆಸರು ಸಹಿತ ಪಟ್ಟಿ ಮಾಡಿ, ತಾನೂ ಅದನ್ನು ಹೊತ್ತೊಯ್ದವರಲ್ಲಿ ಒಬ್ಬನೆಂದು ಬರೆದ. ಊರು ಅವನ ಮೇಲೆ ತಿರುಗಿಬಿತ್ತು. ಅಮೆರಿಕದ ಆಲಿವರ್ ವೆಂಡೆಲ್ ಹೋಮ್ಸ್ 1843ರಲ್ಲಿ ಇದನ್ನೇ ಹೇಳಿ ಬೈಸಿಕೊಂಡ. ‘ಏನೋ ಒಂದು’ ಎಂಬುದಕ್ಕೆ ಮುಖ ಸಿಕ್ಕಿದ್ದು 1879ರಲ್ಲಿ. ಬಾಣಂತಿ ಜ್ವರದ ಕಾರಣ ಇದು ಎಂದು ಲೂಯಿ ಪಾಶ್ಚರ್ ಪ್ಯಾರಿಸಿನ ವೈದ್ಯ ಸಭೆಯಲ್ಲಿ ಸರಪಳಿಯಾಕಾರದ ರೋಗಾಣುವಿನ ಚಿತ್ರ ಬರೆದು ತೋರಿಸಿದ.

ಇದರ ನಡುವೆ ಹೆಂಗಸೊಬ್ಬಳ ಹೆಸರನ್ನು ಹೇಳದಿದ್ದರೆ ತಪ್ಪಾದೀತು. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮಗೆ ಶಾಲೆಯ ಪಠ್ಯದ ‘ದೀಪಧಾರಿಣಿ’. ಆದರೆ ದೀಪಕ್ಕಿಂತ ದೊಡ್ಡದು ಆಕೆಯ ಲೆಕ್ಕದ ಪುಸ್ತಕ. 1854ರ ನವೆಂಬರಿನಲ್ಲಿ 38 ದಾದಿಯರೊಡನೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದಾಗ, ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ವಾಂತಿಭೇದಿಯಿಂದಲೂ ವಿಷಮಜ್ವರದಿಂದಲೂ ಸಾಯುತ್ತಿದ್ದರು. ಮರುವರ್ಷ ಸರ್ಕಾರದ ನೈರ್ಮಲ್ಯ ಸಮಿತಿ ಬಂದು ಚರಂಡಿ ಶುದ್ಧಿ ಮಾಡಿ, ಗಾಳಿ ನೀರು ಸರಿಪಡಿಸಿದ ಮೇಲೆ ಸಾವು ಧಡಾರನೆ ಇಳಿಯಿತು. ಆಕೆ ಆ ಅಂಕಿಗಳನ್ನು ಬಿಡಿಸಿ, ಬಣ್ಣದ ಚಿತ್ರ ಮಾಡಿ ಮಂತ್ರಿಗಳ ಮುಂದೆ ಇಟ್ಟಳು. ಮುಂದೆ ಲಂಡನ್ನಿನಲ್ಲಿ ತನ್ನ ನೆರವಿನಿಂದಲೇ ನಡೆಯುತ್ತಿದ್ದ ಸೂಲಗಿತ್ತಿಯರ ತರಬೇತಿ ವಾರ್ಡಿನಲ್ಲಿ ಬಾಣಂತಿ ಜ್ವರ ಕಾಣಿಸಿಕೊಂಡಾಗ 1867ರಲ್ಲಿ ಅದನ್ನು ಮುಚ್ಚಲಾಯಿತು. ಮುಚ್ಚಿ ಸುಮ್ಮನಾಗದೆ, ಆಕೆ ಹಲವೆಡೆಯ ಅಂಕಿಗಳನ್ನು ಕಲೆಹಾಕಿ 1871ರಲ್ಲಿ ಪುಸ್ತಕ ಬರೆದಳು. ಬಡಮನೆಯ ಹೆರಿಗೆಗಿಂತ ಆಸ್ಪತ್ರೆಯ ಹೆರಿಗೆಯಲ್ಲಿ ಸಾವು ಹೆಚ್ಚು ಎಂಬುದೇ ಅಂದಿನ ಲೆಕ್ಕ ಹೇಳಿದ ಸತ್ಯ.

ಹಾಗಾದರೆ ನಮ್ಮ ಹಳ್ಳಿಯ ಸೂಲಗಿತ್ತಿಯೇ ಮೇಲು ಎನ್ನೋಣವೇ? ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಂಥವರ ಕೈಗುಣಕ್ಕೆ ನಾಡೇ ಕೈಮುಗಿದಿದೆ. ಆದರೆ ಎಲ್ಲರ ಕೈಯೂ ಅಂಥ ಕೈಯಲ್ಲ. ತುಕ್ಕು ಹಿಡಿದ ಕುಡುಗೋಲಿನಲ್ಲಿ ಹೊಕ್ಕುಳಬಳ್ಳಿ ಕೊಯ್ದು, ಬೂದಿಯನ್ನೋ ಸಗಣಿಯನ್ನೋ ಮೆತ್ತಿ, ಎಂಟನೆಯ ದಿನಕ್ಕೆ ಧನುರ್ವಾಯು ಬಂದು ಹೋದ ಹಸುಗೂಸುಗಳಿಗೆ ಲೆಕ್ಕವಿದೆಯೇ? ನಮ್ಮ ಮನೆಗಳಲ್ಲಿ ಮಡಿ ಇತ್ತು, ಶುಚಿ ಎಲ್ಲ ಕಡೆ ಇರಲಿಲ್ಲ. ಮುಟ್ಟಿನಿಂದ ಏನೋ ದಾಟುತ್ತದೆ ಎಂದು ಮಡಿಗೆ ಗೊತ್ತಿತ್ತು. ಯಾರನ್ನು ಮುಟ್ಟಬಾರದು ಎಂದು ಅದು ನೂರು ನಿಯಮ ಮಾಡಿತು, ಹೇಗೆ ತೊಳೆದು ಮುಟ್ಟಬೇಕು ಎಂದು ಕೇಳಲಿಲ್ಲ. ಶುಚಿಯಾದ ಕೈ, ಶುಚಿಯಾದ ಹಾಸು, ಹೊಸ ಬ್ಲೇಡು, ಶುಚಿಯಾದ ದಾರ, ಏನನ್ನೂ ಮೆತ್ತದ ಹೊಕ್ಕುಳು ಎಂಬ ಐದು ಶುಚಿಗಳ ಪಾಠ ಮತ್ತು ಬಸುರಿಯರಿಗೆ ಧನುರ್ವಾಯು ಚುಚ್ಚುಮದ್ದು, ಇವೆರಡೂ ಸೇರಿ 2015ರ ಹೊತ್ತಿಗೆ ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನವಾಯಿತೆಂದು ಘೋಷಿಸುವಂತಾಯಿತು.

ಆಸ್ಪತ್ರೆಗೆ ಬಂದ ಹೊಸ ಉಪಕರಣಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ರಬ್ಬರಿನ ಕೈಗವಸು. ಅಮೆರಿಕದ ಬಾಲ್ಟಿಮೋರಿನಲ್ಲಿ ಕ್ಯಾರೋಲಿನ್ ಹ್ಯಾಂಪ್ಟನ್ ಎಂಬ ದಾದಿಯ ಕೈ, ರೋಗಾಣು ಕೊಲ್ಲಲು ಬಳಸುತ್ತಿದ್ದ ಪಾದರಸದ ದ್ರಾವಣದಿಂದ ಬಿರಿದು ಹುಣ್ಣಾಯಿತು. ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1889-90ರ ಚಳಿಗಾಲದಲ್ಲಿ ಗುಡ್‌ಇಯರ್ ಕಂಪನಿಗೆ ಬರೆದು ಅವಳಿಗಾಗಿ ತೆಳು ರಬ್ಬರಿನ ಕೈಗವಸು ಮಾಡಿಸಿದ. ಅದೇ 1890ರಲ್ಲಿ ಅವರಿಬ್ಬರ ಮದುವೆಯೂ ಆಯಿತು. ದಾದಿಯ ಕೈ ಉಳಿಸಲು ಬಂದ ಗವಸು ರೋಗಿಯ ಜೀವವನ್ನೂ ಉಳಿಸುತ್ತದೆ ಎಂದು ತಿಳಿಯಲು ಇನ್ನೂ ಹಲವು ವರ್ಷ ಹಿಡಿಯಿತು.

ಆಮೇಲೆ ಔಷಧಿಗಳ ಕಾಲ ಬಂತು. ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಕಂಡುಹಿಡಿದ ಪ್ರಾಂಟೋಸಿಲ್ ಎಂಬ ಕೆಂಪು ಔಷಧವನ್ನು 1936ರಲ್ಲಿ ಲಂಡನ್ನಿನ ಕ್ವೀನ್ ಷಾರ್ಲೆಟ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಕೋಲ್‌ಬ್ರೂಕ್ ಬಾಣಂತಿ ಜ್ವರಕ್ಕೆ ಕೊಟ್ಟು ನೋಡಿದಾಗ, ಕೈಬಿಟ್ಟುಹೋಗುತ್ತಿದ್ದ ತಾಯಂದಿರು ಎದ್ದು ಕೂತರು. ಬೆನ್ನಿಗೇ ಪೆನಿಸಿಲಿನ್. ಇನ್ನೇನು ಭಯ, ಚುಚ್ಚುಮದ್ದು ಇದೆಯಲ್ಲ ಎಂದು ಆಸ್ಪತ್ರೆಗಳು ಕೊಂಚ ಮೈಮರೆತವು. ರೋಗಾಣು ಮೈಮರೆಯಲಿಲ್ಲ. ಪೆನಿಸಿಲಿನ್ನಿಗೆ ಬಗ್ಗದ ರೋಗಾಣುಗಳಿಗಾಗಿ ಮೆಥಿಸಿಲಿನ್ ಎಂಬ ಔಷಧ ಬಂದ ಒಂದೆರಡು ವರ್ಷದಲ್ಲೇ, 1961ರಲ್ಲಿ, ಅದಕ್ಕೂ ಬಗ್ಗದ ತಳಿ ಇಂಗ್ಲೆಂಡಿನಲ್ಲಿ ಸಿಕ್ಕಿತು. ಬಲವಾದ ಔಷಧಗಳು ಹೆಚ್ಚು ಓಡಾಡುವ ಜಾಗ ಆಸ್ಪತ್ರೆ. ಅಲ್ಲಿ ಉಳಿದುಕೊಂಡ ರೋಗಾಣುವೂ ಬಲವಾದದ್ದೇ. ನೆಗಡಿಗೂ ಆಂಟಿಬಯಾಟಿಕ್ ನುಂಗುವ, ಎರಡು ದಿನ ನುಂಗಿ ಉಳಿದದ್ದನ್ನು ಡಬ್ಬಿಯಲ್ಲಿ ಎತ್ತಿಡುವ ನಮ್ಮ ಮನೆಮನೆಯ ಅಭ್ಯಾಸವೂ ಅದಕ್ಕೆ ಗೊಬ್ಬರ.

ಈಗ ಆಸ್ಪತ್ರೆ ಸೋಂಕು ಎಂದರೆ ಬಾಣಂತಿ ಜ್ವರ ಒಂದೇ ಅಲ್ಲ. ಡ್ರಿಪ್ಪಿನ ಸೂಜಿ, ಮೂತ್ರದ ನಳಿಕೆ, ಉಸಿರಾಟದ ಯಂತ್ರ, ಸಿಸೇರಿಯನ್ನಿನ ಹೊಲಿಗೆ, ಇವೆಲ್ಲ ಒಳಗೆ ಹೋಗುವ ಬಾಗಿಲುಗಳು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಲೆಕ್ಕದಂತೆ, ದಾಖಲಾದ ನೂರು ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಜನಕ್ಕೆ, ನಮ್ಮಂಥ ದೇಶಗಳಲ್ಲಿ 15 ಜನಕ್ಕೆ ಆಸ್ಪತ್ರೆಯಲ್ಲೇ ಒಂದು ಸೋಂಕಾದರೂ ತಗಲುತ್ತದೆ. ಹಾಗೆ ತಗಲಿದವರಲ್ಲಿ ಹತ್ತಕ್ಕೆ ಒಬ್ಬರು ಸಾಯುತ್ತಾರೆ. ನಮ್ಮ ದೇಶದಲ್ಲಿ 1992-93ರಲ್ಲಿ ನೂರಕ್ಕೆ ಸುಮಾರು 26 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 89ಕ್ಕೆ ಏರಿದೆ. ರಕ್ತಸ್ರಾವ, ಬಸುರಿನ ನಂಜು, ಅಡ್ಡ ಕೂಸು ಇವುಗಳಿಂದ ಎಷ್ಟೋ ಜೀವ ಉಳಿದಿದೆ. ಮನೆಗೆ ಮರಳುವ ಮಾತೇ ಬೇಡ. ಆದರೆ ಇಷ್ಟೊಂದು ಹೆಣ್ಣುಮಕ್ಕಳು ಬಂದು ಮಲಗುವ ಹಾಸಿಗೆಯ ಪಕ್ಕದಲ್ಲಿ ಬೋಗುಣಿ ಇದೆಯೇ?

ಬೋಗುಣಿ ಇದ್ದರೂ ಕೈ ತೊಳೆಯುವುದು ಸುಲಭವಲ್ಲ ಎಂದು ಒಪ್ಪಬೇಕು. ನಮ್ಮೂರ ಕಡೆಯ ಆಸ್ಪತ್ರೆಯೊಂದರಲ್ಲಿ ಹತ್ತಿರದ ಬಂಧುವಿನ ಬಾಣಂತನಕ್ಕೆ ಕೂತಿದ್ದಾಗ ನಾನು ಕಣ್ಣಾರೆ ನೋಡಿದ್ದೇನೆ. ರಾತ್ರಿ ಪಾಳಿಯಲ್ಲಿ ನರ್ಸಮ್ಮ ಒಬ್ಬಳೇ. ಈ ಕಡೆ ಡ್ರಿಪ್ಪು ಮುಗಿದಿದೆ, ಆ ಕಡೆ ಮಗು ಅಳುತ್ತಿದೆ, ಮೂಲೆಯಲ್ಲಿ ಯಾರಿಗೋ ನೋವು ಶುರುವಾಗಿದೆ. ನಲ್ಲಿ ಇರುವುದು ವಾರ್ಡಿನ ಆ ತುದಿಯಲ್ಲಿ. ಅದರಲ್ಲಿ ನೀರು ಬರುವುದು ಅದರ ಇಷ್ಟ. ಪ್ರತಿ ಸಲವೂ ಒಂದು ನಿಮಿಷ ಸೋಪು ಹಚ್ಚಿ ತೊಳೆಯುತ್ತಾ ನಿಂತರೆ ಅವಳ ಪಾಳಿಯೆಲ್ಲ ನಲ್ಲಿಯ ಮುಂದೆಯೇ ಕಳೆದೀತು. ಇದು ಸೋಮಾರಿತನವಲ್ಲ, ಗಣಿತ.

ಈ ಗಣಿತವನ್ನು ಬಿಡಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದ ಡಾ. ದಿದಿಯೆ ಪಿತೆ ಒಬ್ಬರು. 1990ರ ದಶಕದಲ್ಲಿ ಅವರ ತಂಡ ನಲ್ಲಿಯ ಬಳಿಗೆ ದಾದಿಯರನ್ನು ಓಡಿಸುವ ಬದಲು ಆಲ್ಕೋಹಾಲ್ ದ್ರಾವಣದ ಬಾಟಲಿಯನ್ನು ಪ್ರತಿ ಹಾಸಿಗೆಯ ಬಳಿಗೇ ತಂದಿತು. ಇಪ್ಪತ್ತು ಮೂವತ್ತು ಸೆಕೆಂಡು ಉಜ್ಜಿದರೆ ಸಾಕು. ಕೈ ಶುಚಿ ಮಾಡಿಕೊಳ್ಳುವವರ ಪ್ರಮಾಣ ನೂರಕ್ಕೆ 48ರಿಂದ 66ಕ್ಕೆ ಏರಿತು, ಸೋಂಕು 16.9ರಿಂದ 9.9ಕ್ಕೆ ಇಳಿಯಿತು. 2020ರ ಕೊರೋನಾ ಕಾಲದಲ್ಲಿ ನಮ್ಮ ಕಿರಾಣಿ ಅಂಗಡಿಯ ಗಲ್ಲಾದ ಮೇಲೂ ಕೂತ ಸ್ಯಾನಿಟೈಸರ್ ಅದೇ ವಂಶದ್ದು. ಕೈಗೆ ರಕ್ತವೋ ಕೊಳೆಯೋ ಹತ್ತಿದ್ದರೆ ಮಾತ್ರ ಸೋಪು ನೀರೇ ಆಗಬೇಕು. ರೋಗಿಯನ್ನು ಮುಟ್ಟುವ ಮೊದಲು, ಚುಚ್ಚುವ ಅಥವಾ ಗಾಯ ಕಟ್ಟುವ ಮೊದಲು, ರಕ್ತ ಮಲಮೂತ್ರ ತಾಕಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಮಂಚ ಹೊದಿಕೆ ಮುಟ್ಟಿದ ಮೇಲೆ, ಈ ಐದು ಹೊತ್ತಿನಲ್ಲಿ ಕೈ ಶುಚಿಯಾಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ನಿಯಮ. ಕೈಗವಸು ಹಾಕಿದ್ದೇವೆ ಎಂದು ತೊಳೆಯುವುದನ್ನು ಬಿಡುವಂತಿಲ್ಲ. ಒಬ್ಬರಿಗೆ ಹಾಕಿದ ಗವಸು ಇನ್ನೊಬ್ಬರ ಮೈ ಮುಟ್ಟುವಂತೆಯೂ ಇಲ್ಲ.

ನಮ್ಮ ಪಾಲೂ ಇದರಲ್ಲಿ ಇದೆ. ಬಾಣಂತಿಯನ್ನು ನೋಡಲು ಬಸ್ಸು ತುಂಬ ಜನ ಹೋಗಿ, ಅವಳ ಮಂಚದ ಮೇಲೆಯೇ ಕೂತು, ಕೂಸನ್ನು ಕೈಯಿಂದ ಕೈಗೆ ದಾಟಿಸಿ, ‘ಮೂಗು ಅಪ್ಪನದೇ’ ಎಂದು ಮುತ್ತಿಕ್ಕದಿದ್ದರೆ ನಮಗೆ ಸಮಾಧಾನವಿಲ್ಲ. ಪ್ರೀತಿಯೇನೋ ಹೌದು. ಆದರೆ ಆ ಪ್ರೀತಿಯನ್ನು ನಾಮಕರಣದ ದಿನಕ್ಕೆ ಎತ್ತಿಟ್ಟರೆ ಕೂಸೇನೂ ಬೇಸರಪಡುವುದಿಲ್ಲ. ಇನ್ನು ಕೇಳಬೇಕಾದ್ದನ್ನು ಕೇಳುವ ಧೈರ್ಯ. ‘ಸಿಸ್ಟರ್, ಕೈ ತೊಳೆದುಕೊಂಡಿರಾ?’ ‘ಡಾಕ್ಟರೇ, ಈ ನಳಿಕೆ ಇನ್ನೂ ಬೇಕೇ, ತೆಗೆಯಬಹುದೇ?’ ಇಷ್ಟೇ ಮಾತು. ಮೆಲ್ಲಗೆ, ಮರ್ಯಾದೆಯಿಂದ ಕೇಳಬಹುದು. ಹೆರಿಗೆಯಾದ ಮೇಲೆ ಚಳಿಜ್ವರ, ಹೊಟ್ಟೆನೋವು, ದುರ್ವಾಸನೆಯ ಸ್ರಾವ ಕಂಡರೆ ‘ಎದೆಹಾಲು ಕಟ್ಟಿದೆ, ಸರಿಹೋಗುತ್ತದೆ’ ಎಂದು ಕಷಾಯ ಕುಡಿಸುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಓಡಬೇಕು.

ವಿಯೆನ್ನಾದ ಬಾಗಿಲಲ್ಲಿ ಮೊಣಕಾಲೂರಿದ ಆ ಹೆಂಗಸರಿಗೆ ರೋಗಾಣು ಎಂಬ ಪದ ಗೊತ್ತಿರಲಿಲ್ಲ. ಯಾವ ವಾರ್ಡಿಗೆ ಹೋದವಳು ಮನೆಗೆ ಮರಳಲಿಲ್ಲ ಎಂಬುದು ಗೊತ್ತಿತ್ತು. ಅವರು ಅಂಗಲಾಚಿದ್ದು ಹೆಂಗಸರ ಹೆದರಿಕೆ ಎಂದು ದಾಖಲಾಯಿತೇ ಹೊರತು ಸಾಕ್ಷಿ ಎಂದು ಯಾರೂ ಕಿವಿಗೊಡಲಿಲ್ಲ. ಕೊಟ್ಟಿದ್ದರೆ ಗೆಳೆಯನೊಬ್ಬ ಸಾಯುವ ತನಕ ಕಾಯಬೇಕಾಗಿರಲಿಲ್ಲ. ಇಂದು ಮಂಚದ ಮೇಲೆ ಮಲಗಿದವಳು ‘ನನಗೇಕೋ ಸರಿಯಿಲ್ಲ’ ಎಂದರೆ, ಪಕ್ಕದಲ್ಲಿ ಕೂತ ನಾವು ಮೊದಲು ಮಾಡಬೇಕಾದ ಕೆಲಸ ಅವಳ ಮಾತನ್ನು ನಂಬುವುದು.